ಉಳ್ಳಾಗಡ್ಡಿ ಬೇರಿನ ತುದಿಯಲ್ಲಿ

ಧಾರವಾಡದ ಕಾಲೇಜೊಂದರ ಸಸ್ಯಶಾಸ್ತ್ರ ಪ್ರಯೋಗಾಲಯ. ಕಿಟಕಿಯ ಕಟ್ಟೆಯ ಮೇಲೆ ನೀರು ತುಂಬಿದ ಲೋಟಗಳು, ಅವುಗಳ ಬಾಯಿಗೆ ಕೂತ ಉಳ್ಳಾಗಡ್ಡಿಗಳು. ಬುಡದಿಂದ ಬಿಳಿ ಬೇರುಗಳು ಇಳಿಬಿದ್ದಿವೆ. ಬೇಕಾದದ್ದು ಬೇರಿನ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ; ಕೋಶಗಳು ಬಿರುಸಾಗಿ ಎರಡಾಗುವುದು ಅಲ್ಲೇ.

ಮುಂದಿನ ಮೇಜಿಗೆ ಹೋದರೆ ಅಸಿಟಿಕ್ ಆಮ್ಲದ ಘಾಟು. ಆಲ್ಕೋಹಾಲಿನೊಂದಿಗೆ ಅದನ್ನು ಬೆರೆಸಿದ ದ್ರಾವಣಕ್ಕೆ ಬಿದ್ದ ತುದಿಗಳು ಇದ್ದ ಸ್ಥಿತಿಯಲ್ಲೇ ಸತ್ತಿವೆ. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗಾಗಿ, ಅಸಿಟೋಕಾರ್ಮೈನಿನ ಕೆಂಪು ಕುಡಿದು, ಕವರ್‌ಸ್ಲಿಪ್ಪಿನಡಿ ಅಪ್ಪಚ್ಚಿಯಾಗಬೇಕು. "ಹಗೂರಕ ಒತ್ತವಾ, ಗಾಜು ಸರದ್ರ ಎಲ್ಲಾ ಹೋತು," ಎಂದು ಅಟೆಂಡರ್ ಹುಡುಗಿಯೊಬ್ಬಳಿಗೆ ಹೇಳುತ್ತಿದ್ದಾರೆ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಣುವುದು ಬರೀ ದುಂಡು ಕೋಶಕೇಂದ್ರಗಳು. ಸ್ಲೈಡು ಸರಿಸುತ್ತ ಹೋಗಬೇಕು. ಸಿಕ್ಕಿತು: 16 ವರ್ಣತಂತುಗಳು ಕೋಶದ ನಡುಮಧ್ಯೆ ಸಾಲುಗಟ್ಟಿವೆ, ಒಂದೊಂದೂ ಜೋಡಿ ಎಳೆ. ಸ್ವಲ್ಪ ಆಚೆ ಇನ್ನೊಂದು ಕೋಶದಲ್ಲಿ ಜೋಡಿಗಳು ಬಿಡಿಸಿಕೊಂಡು ಎರಡು ತುದಿಗಳತ್ತ ಹೊರಟಿವೆ. ಇಲ್ಲಿ ಕಣ್ಣು ನಿಲ್ಲಿಸಿ ನೋಡಬೇಕು. ಎಳೆಗಳು ಸೊಂಟದಲ್ಲಿ ಮಡಚಿವೆ; ಸೊಂಟ ಮುಂದೆ, ತೋಳುಗಳು ಹಿಂದೆ. ಮೂಗುದಾರ ಹಿಡಿದೆಳೆದ ಎತ್ತಿನಂತೆ! ತಾವಾಗಿ ತೇಲಿಹೋಗುವ ವಸ್ತುಗಳಿಗೆ ಈ ಭಂಗಿ ಬಾರದು.

ಅವನ್ನು ಎಳೆಯುವ ಕದಿರಿನ (ಸ್ಪಿಂಡಲ್) ನೂಲು ಮಾತ್ರ ಈ ಬಣ್ಣಕ್ಕೆ ಕಾಣುವುದಿಲ್ಲ. ಅದು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಸಪೂರ ಕೊಳವೆ. ಅದನ್ನು ಯಾರೂ ಸುತ್ತಿಕೊಳ್ಳುವುದಿಲ್ಲ. ತುದಿಯಿಂದ ಕಳಚಿಕೊಳ್ಳುತ್ತ ಗಿಡ್ಡವಾಗುತ್ತದೆ, ವರ್ಣತಂತು ಕೈಬಿಡದೆ ಹಿಂಬಾಲಿಸುತ್ತದೆ. ಕಟ್ಟುವುದಲ್ಲ, ಕಳಚುವುದೇ ಇಲ್ಲಿ ಎಳೆತ. ನನಗೆ ಸೋಜಿಗವೆನಿಸಿದ್ದು ಇದೇ. ವೇಗ ನಿಮಿಷಕ್ಕೆ ಸುಮಾರು ಒಂದು ಮೈಕ್ರೋಮೀಟರ್. ಈ ನೂಲುಗಳು ನಿಜವೋ, ಕೋಶವನ್ನು ಕೊಂದು ಬಣ್ಣ ಹಚ್ಚಿದಾಗ ಹುಟ್ಟಿದ ಭ್ರಮೆಯೋ ಎಂಬ ಜಗಳ ಬಹುಕಾಲ ನಡೆದಿತ್ತು. 1950ರ ದಶಕದಲ್ಲಿ ಶಿನ್ಯಾ ಇನೋವೆ ಧ್ರುವೀಕೃತ ಬೆಳಕಿನಲ್ಲಿ ಜೀವಂತ ಕೋಶದಲ್ಲೇ ಅವನ್ನು ತೋರಿಸಿದರು.

ಕೊನೆಯ ಮೇಜಿನ ಸ್ಲೈಡು ಬೇರೆಯದು. ಈ ಬೇರು ಕಾಲ್ಚಿಸಿನ್ ದ್ರಾವಣದಲ್ಲಿ ನೆಂದದ್ದು. ನಮ್ಮ ಬೇಲಿಗಳ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ವಿಷ. ಅದು ಟ್ಯೂಬ್ಯುಲಿನ್ನಿಗೆ ಅಂಟಿಕೊಂಡರೆ ಕೊಳವೆ ಕಟ್ಟುವುದೇ ನಿಲ್ಲುತ್ತದೆ. 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಇದರ ಪರಿಣಾಮವನ್ನು ವಿವರಿಸಿದ್ದೂ ಉಳ್ಳಾಗಡ್ಡಿ ಬೇರಿನಲ್ಲೇ. ಸ್ಲೈಡಿನಲ್ಲಿ ಸಾಲೂ ಇಲ್ಲ, ದಿಕ್ಕೂ ಇಲ್ಲ. ಜೋಡಿಗಳೇನೋ ಬಿಡಿಸಿಕೊಂಡಿವೆ, ಒಯ್ಯುವವರಿಲ್ಲ; ಎರಡು ಕೋಶಗಳಿಗೆ ಹಂಚಿಹೋಗಬೇಕಿದ್ದ 32 ವರ್ಣತಂತುಗಳು ಒಂದರಲ್ಲೇ ಚೆಲ್ಲಿಕೊಂಡಿವೆ.