ಮಾನ್ವಿ: ಎರಡು ನದಿಗಳ ನಡುವಿನ ದಾಸರ ಊರು

ರಾಯಚೂರಿನಿಂದ ಸಿಂಧನೂರಿನತ್ತ ಹೊರಟ ಬಸ್ಸು ಸುಮಾರು ಐವತ್ತು ಕಿ.ಮೀ. ಸಾಗುವಷ್ಟರಲ್ಲಿ ಮಾನ್ವಿ ಬರುತ್ತದೆ. ಹೆಚ್ಚಿನ ಪ್ರಯಾಣಿಕರಿಗೆ ಇದು ಚಹಾ ಕುಡಿದು ಮುಂದೆ ಹೋಗುವ ಊರು. ಆದರೆ ಕನ್ನಡ ಸಾಹಿತ್ಯ ಓದುವ ವಿದ್ಯಾರ್ಥಿ ಇಲ್ಲಿ ಇಳಿಯಲೇಬೇಕು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನೆಲವೇ ರಾಯಚೂರು ದೋಆಬ್. ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ್ದು ರಾಯಚೂರು ಕೋಟೆಗಾಗಿಯೇ. ಸೈನ್ಯಗಳು ತುಳಿದ ಇದೇ ನೆಲದಲ್ಲಿ ಮುಂದೆ ತಂಬೂರಿಯ ನಾದ ಕೇಳಿಸಿತು.

ಹದಿನೆಂಟನೆಯ ಶತಮಾನದ ಹರಿದಾಸರಲ್ಲಿ ಹಿರಿಯರಾದ ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಮಾನ್ವಿ ಸಮೀಪದ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸ ಎಂಬ ಬಾಲಕನೇ ಮುಂದೆ ಜಗನ್ನಾಥದಾಸರಾದರು.

ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಅಸಡ್ಡೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ನೆಪ ಹೇಳಿದರಂತೆ; ನೆಪವೇ ನಿಜವಾಗಿ ನೋವು ಕಾಡಿತಂತೆ. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷಗಳನ್ನು ಧಾರೆ ಎರೆದು ಉಳಿಸಿದರೆಂಬುದು ಭಕ್ತರ ನಂಬಿಕೆ. ಕಥೆ ಹೇಗೇ ಇರಲಿ, ಪಂಡಿತರ ಮನಸ್ಸು ಬದಲಾದದ್ದು ನಿಜ. 'ಜಗನ್ನಾಥ ವಿಠಲ' ಅಂಕಿತದಿಂದ ಅವರು ರಚಿಸಿದ 'ಹರಿಕಥಾಮೃತಸಾರ' ಭಾಮಿನಿ ಷಟ್ಪದಿಯಲ್ಲಿದೆ. ತತ್ತ್ವಶಾಸ್ತ್ರದ ಕಠಿಣ ವಿಚಾರಗಳನ್ನು ಮನೆಯ ಹೆಂಗಸರೂ ಬಾಯಿಪಾಠ ಮಾಡಿ ಹಾಡುವಂತೆ ಮಾಡಿದ ಕೃತಿ ಇದು. ಮುಂದೆ ಈ ಕನ್ನಡ ಕೃತಿಗೆ ಸಂಸ್ಕೃತದಲ್ಲೇ ವ್ಯಾಖ್ಯಾನ ಹುಟ್ಟಿತು! ದಾಸರು 1809ರಲ್ಲಿ ತೀರಿಕೊಂಡರು. ಅವರು ಸನ್ನಿಹಿತರಾಗಿದ್ದಾರೆಂದು ಭಕ್ತರು ನಂಬುವ ಕಂಬಕ್ಕೆ ಮಾನ್ವಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಭಾದ್ರಪದ ಶುದ್ಧ ನವಮಿಯಂದು ಆರಾಧನೆ.

ಭಾಷೆಯ ಪರೀಕ್ಷೆ ಈ ಊರಿಗೆ ಅಲ್ಲಿಗೇ ಮುಗಿಯಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಸರ್ಕಾರಿ ಶಾಲೆಗಳಲ್ಲಿ ಕಲಿಕೆಯೂ ಬಹುತೇಕ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಎಂಬಂತೆ ಅಂದಿನ ಮಕ್ಕಳು ಬೆಳೆದರು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ನಾಡಿನೊಳಗೆ ಬಂತು. ಇಂದಿಗೂ ಮಾನ್ವಿಯ ಬೀದಿಯಲ್ಲಿ ಈ ಮೂರೂ ಭಾಷೆಗಳು ಒಂದೇ ಮಾತಿನಲ್ಲಿ ಬೆರೆಯುತ್ತವೆ.

ಊರಿನ ಚಹರೆ ಬದಲಿಸಿದ್ದು ನೀರು. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಹರಿಯತೊಡಗಿದ ನೀರು ಎಡದಂಡೆ ಕಾಲುವೆಯ ಮೂಲಕ ಇಲ್ಲಿಗೂ ತಲುಪಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ಕಂಡಿತು. ಆಂಧ್ರದ ರೈತರು ಬಂದು ನೆಲೆಸಿದ 'ಕ್ಯಾಂಪ್'ಗಳು ಹುಟ್ಟಿಕೊಂಡವು. ಆದರೆ ಕಾಲುವೆಯ ಕೊನೆಯ ಭಾಗದವರಿಗೆ ನೀರಿನ ಚಿಂತೆ ತಪ್ಪಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರು ನಿದ್ದೆಗೆಟ್ಟರು.

ನೀರಿನಂತೆ ವಿದ್ಯೆಯೂ ಇಲ್ಲಿಗೆ ತಡವಾಗಿ ಬಂತು. ಸಂವಿಧಾನದ 371 (ಜೆ) ವಿಧಿಯ ಪ್ರಕಾರ 2013ರಿಂದ ಈ ಭಾಗದ ಮಕ್ಕಳಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯುಂಟು. ಅದನ್ನು ಬಳಸಿಕೊಳ್ಳಲು ಓದಬೇಕು, ಇಂಗ್ಲಿಷೂ ಬೇಕು. ಆದರೆ ಕನ್ನಡದಲ್ಲಿ ಮಾತನಾಡಲು ಮಗು ನಾಚಿಕೊಂಡರೆ ತಂದೆತಾಯಂದಿರು ಒಂದು ರಜೆಯ ದಿನ ಅದನ್ನು ದಾಸರ ಕಂಬದ ಬಳಿಗೆ ಕರೆದೊಯ್ಯಲಿ. ಕನ್ನಡವನ್ನು ಹಗುರವಾಗಿ ಕಂಡು, ಕೊನೆಗೆ ಕನ್ನಡದಿಂದಲೇ ದೊಡ್ಡವರಾದ ಪಂಡಿತರ ಕಥೆಯನ್ನು ಅಲ್ಲಿಯೇ ಕೂತು ಹೇಳಲಿ.