ಗಬ್ಬ ನಿಲ್ಲದ ಹಸುವಿಗೆ ಕೊಬ್ಬಿನ ಪುಡಿಯೊಂದೇ ಮದ್ದಲ್ಲ

ದಾವಣಗೆರೆ: ಹಸು ಹಾಲು ಕೊಡಬೇಕಾದರೆ ಮೊದಲು ಕರು ಹಾಕಬೇಕು. ನಗರವಾಸಿಗಳ ಮನೆಬಾಗಿಲಿಗೆ ಮುಂಜಾನೆ ಬರುವ ಹಾಲಿನ ಪೊಟ್ಟಣದ ಹಿಂದಿರುವ ಈ ಸರಳ ಸತ್ಯವೇ ಹೈನುಗಾರರ ಲಾಭ-ನಷ್ಟವನ್ನು ನಿರ್ಧರಿಸುತ್ತದೆ. ಮಿಶ್ರತಳಿ ಹಸುವೊಂದು 12ರಿಂದ 13 ತಿಂಗಳಿಗೊಮ್ಮೆ ಕರು ಹಾಕಿದರೆ ಸಾಕಣೆ ಲಾಭದಾಯಕ. ಗರ್ಭಾವಧಿ ಸುಮಾರು 280 ದಿನ. ಅಂದರೆ ಕರು ಹಾಕಿದ ಮೂರು-ನಾಲ್ಕು ತಿಂಗಳಲ್ಲಿ ಅದು ಮತ್ತೆ ಗಬ್ಬವಾಗಬೇಕು. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಒಂದು ಬೆದೆ ತಪ್ಪಿದರೆ ಮೂರು ವಾರಗಳ ಮೇವು, ಹಿಂಡಿಯ ಖರ್ಚು ರೈತನ ಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರವೆಂದು ಈಗ ಮಾರುಕಟ್ಟೆಯಲ್ಲಿ ಪ್ರಚಾರ ಪಡೆದಿರುವುದು 'ಬೈಪಾಸ್ ಕೊಬ್ಬು'. ಅದು ಏನು, ಯಾವ ಹಸುವಿಗೆ ಉಪಯುಕ್ತ ಎಂಬುದನ್ನು ಅರಿಯುವುದು ಅಗತ್ಯ.

ಶಕ್ತಿಯ ಕೊರತೆ

ಕರು ಹಾಕಿದ ಆರರಿಂದ ಎಂಟು ವಾರಗಳಲ್ಲಿ ಹಾಲಿನ ಇಳುವರಿ ಉತ್ತುಂಗಕ್ಕೇರುತ್ತದೆ. ಆದರೆ ಹಸುವಿನ ಹಸಿವು ಪೂರ್ಣವಾಗಿ ಕುದುರುವುದು ಅದಕ್ಕಿಂತ ಕೆಲವು ವಾರ ತಡವಾಗಿ. ಈ ಅಂತರದಲ್ಲಿ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ. ಮೈ ಇಳಿದಂತೆ ಅಂಡಾಶಯದ ಚಟುವಟಿಕೆ ಕುಂಠಿತವಾಗಿ ಬೆದೆ ಬಾರದು. ಬಂದರೂ ಗಬ್ಬ ನಿಲ್ಲದು.

ಧಾನ್ಯಕ್ಕಿಂತ ಕೊಬ್ಬಿನಲ್ಲಿ ಎರಡು ಪಟ್ಟಿಗೂ ಅಧಿಕ ಶಕ್ತಿ ಇದೆ. ಹಾಗೆಂದು ಎಣ್ಣೆಯನ್ನೇ ಧಾರಾಳವಾಗಿ ಉಣಿಸುವಂತಿಲ್ಲ. ಅದು ಹಸುವಿನ ಮೊದಲ ಹೊಟ್ಟೆಯಲ್ಲಿ ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೆ ಮಾರಕ. ಆದ್ದರಿಂದ ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಸುಣ್ಣದಂಶದೊಡನೆ ಬೆಸೆದು ಪುಡಿ ಮಾಡಲಾಗುತ್ತದೆ. ಇದು ಮೊದಲ ಹೊಟ್ಟೆಯನ್ನು ಹೆಚ್ಚು ಕರಗದೆ ದಾಟಿ, ನಾಲ್ಕನೆಯ ಹೊಟ್ಟೆಯ ಆಮ್ಲದಲ್ಲಿ ಒಡೆದು, ಸಣ್ಣ ಕರುಳಿನಲ್ಲಿ ಹೀರಲ್ಪಡುತ್ತದೆ. 'ಬೈಪಾಸ್' ಎಂಬ ಹೆಸರು ಬಂದುದು ಹೀಗೆ.

ಕೊಬ್ಬಿನಿಂದ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಅದೇ ಮೂಲದ್ರವ್ಯ. ಇಷ್ಟಾದರೂ ಪ್ರಯೋಗಗಳ ಫಲಿತಾಂಶ ಏಕರೂಪವಾಗಿಲ್ಲ. ಕೆಲವೆಡೆ ಗರ್ಭಧಾರಣೆ ಸುಧಾರಿಸಿದೆ. ಕೆಲವೆಡೆ ಹೆಚ್ಚಿದ ಶಕ್ತಿಯೆಲ್ಲ ಹಾಲಿಗೇ ಹರಿದಿದೆ.

ಮೊದಲು ಮೇವು, ಖನಿಜ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ನೀರಾವರಿ ಭಾಗಗಳಲ್ಲಿ ಭತ್ತದ ಹುಲ್ಲು ಯಥೇಚ್ಛ. ಆದರೆ ಅದರಲ್ಲಿ ರಂಜಕ ತೀರಾ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಮಳೆಯಾಶ್ರಿತ ಜಗಳೂರಿನಲ್ಲಿ ಮೆಕ್ಕೆಜೋಳದ ದಂಟು, ಶೇಂಗಾ ಹೊಟ್ಟು ದೊರೆತರೂ ಬೇಸಿಗೆಯಲ್ಲಿ ಹಸಿರು ಮೇವಿಗೆ ಬರ. ಒಂದೆಡೆ ಹೊಟ್ಟೆ ತುಂಬಿಯೂ ಖನಿಜದ ಕೊರತೆ, ಇನ್ನೊಂದೆಡೆ ಮೇವಿನದೇ ಕೊರತೆ. ಇವೆರಡನ್ನೂ ಕೊಬ್ಬಿನ ಪುಡಿ ತುಂಬಲಾರದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಪ್ರದೇಶವಾರು ಖನಿಜ ಮಿಶ್ರಣಗಳನ್ನು ರೂಪಿಸಿರುವುದು ಇಂತಹ ಕೊರತೆ ನೀಗಲೆಂದೇ. ದೊಡ್ಡ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಸಾಮಾನ್ಯ ಶಿಫಾರಸು.

ಯಾರಿಗೆ, ಎಷ್ಟು?

ದಿನಕ್ಕೆ ನಾಲ್ಕೈದು ಲೀಟರ್ ಕೊಡುವ ಹಸುವಿಗೆ ಬೈಪಾಸ್ ಕೊಬ್ಬು ಅನಗತ್ಯ ವೆಚ್ಚ. ಹೆಚ್ಚು ಹಾಲು ಕೊಡುವ, ಕರು ಹಾಕಿದ ಮೇಲೆ ಮೈ ಇಳಿಯುವ ಹಸುವಿಗೆ ದಿನಕ್ಕೆ 100ರಿಂದ 200 ಗ್ರಾಂನಂತೆ ಮೊದಲ 90 ದಿನ ನೀಡುವುದು ರೂಢಿ. ರುಚಿ ಹಿಡಿಸದಿರುವುದರಿಂದ ಅಲ್ಪ ಪ್ರಮಾಣದಲ್ಲಿ ಹಿಂಡಿಯೊಡನೆ ಬೆರೆಸಿ ಅಭ್ಯಾಸ ಮಾಡಿಸಬೇಕು. ಒಟ್ಟು ಆಹಾರದ ಒಣತೂಕದಲ್ಲಿ ಕೊಬ್ಬು ಶೇ. 6-7ನ್ನು ಮೀರಬಾರದು.

ಗರ್ಭಕೋಶದ ಸೋಂಕಿದ್ದರೆ, ಮುಂಜಾನೆಯ ಬೆದೆ ಮಾಲೀಕನ ಕಣ್ಣು ತಪ್ಪಿದರೆ, ಕೃತಕ ಗರ್ಭಧಾರಣೆಗೆ ತಡವಾದರೆ ಎಂತಹ ಪುಡಿಯೂ ಫಲ ಕೊಡದು. ಮುಂಜಾನೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಗರ್ಭಧಾರಣೆ ಮಾಡಿಸಬೇಕೆಂಬ ನಿಯಮಕ್ಕೆ ಹಣ ಬೇಕಿಲ್ಲ, ನಿಗಾ ಸಾಕು. ಮೂರು ಬಾರಿ ಮಾಡಿಸಿಯೂ ಗಬ್ಬ ನಿಲ್ಲದಿದ್ದರೆ ಚೀಲ ಕೊಳ್ಳುವ ಮುನ್ನ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದೇ ಜಾಣತನ.