ಓಡುವವನ ಬೆವರು, ನಿಂತವನ ಚಳಿ

ಮಲೆನಾಡಿನಲ್ಲಿ ಡಿಸೆಂಬರ್ ತಿಂಗಳೆಂದರೆ ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸುತ್ತಣ ತೋಟಗಳಲ್ಲಿ ಕೆಂಪು ಹಣ್ಣುಗಳು ಬುಟ್ಟಿ ಸೇರುತ್ತಿರುತ್ತವೆ. ಕಣಗಳಲ್ಲಿ ಹರಡಿದ ಕಾಫಿಯನ್ನು ರಾತ್ರಿಯ ಇಬ್ಬನಿಗೆ ಸಿಕ್ಕದಂತೆ ಸಂಜೆಯೇ ಮುಚ್ಚಿಡುತ್ತಾರೆ. ಆಗ ಮುಂಜಾವಿನ ಉಷ್ಣತೆ 12–13 ಡಿಗ್ರಿ ಸೆಲ್ಸಿಯಸಿಗೆ ಇಳಿಯುವುದುಂಟು. ಹಿಮ ಬೀಳುವ ನಾಡಿನವರಿಗೆ ಇದೊಂದು ಚಳಿಯೇ ಅಲ್ಲವೆಂದು ತೋರಬಹುದು. ಆದರೆ ಇಂತಹ ಸೌಮ್ಯವಾದ ಚಳಿಯೂ ಗಟ್ಟಿಮುಟ್ಟಾದ ಆಳನ್ನು ಕೆಡಹಬಲ್ಲದು ಎಂಬುದನ್ನು ನಾವು ಒಂದು ಬೆಳಿಗ್ಗೆ ಕಣ್ಣಾರೆ ಕಂಡೆವು.

ನಾವು ಆರು ಮಂದಿ ಗೆಳೆಯರು ಪ್ರತಿ ಚಳಿಗಾಲದಲ್ಲಿಯೂ ಒಂದು ಕಿರು ಮ್ಯಾರಥಾನ್ ಓಡುವ ರೂಢಿಯನ್ನಿಟ್ಟುಕೊಂಡಿದ್ದೇವೆ. ಪೂರ್ಣ ಮ್ಯಾರಥಾನಿನ ದೂರ 42.195 ಕಿಲೋಮೀಟರು, 1908ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಓಡಿದ ಆ ದೂರವೇ 1921ರಲ್ಲಿ ಎಲ್ಲರಿಗೂ ಪ್ರಮಾಣವಾಯಿತು. ಇದೇ ಬೆಟ್ಟಗಳ ಕಾಫಿ ತೋಟಗಳಲ್ಲಿ 2010ರ ದಶಕದಲ್ಲಿ ಆರಂಭವಾದ ಮಲ್ನಾಡ್ ಅಲ್ಟ್ರಾ ಎಂಬ ಓಟದಲ್ಲಿ 50 ಕಿಲೋಮೀಟರನ್ನೂ ಅದಕ್ಕಿಂತ ಹೆಚ್ಚಿನ ದೂರವನ್ನೂ ಕ್ರಮಿಸಿದ ಸಾಹಸಿಗಳಿದ್ದಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಚಿಕ್ಕಮಗಳೂರು ಪಟ್ಟಣದಿಂದ ನಸುಕಿನಲ್ಲಿ ಹೊರಟು, ಕೈಮರದ ಮೂಲಕ ಗಿರಿಯ ದಾರಿ ಹಿಡಿದು, ಸೀತಾಳಯ್ಯನಗಿರಿಯಲ್ಲಿ ನಿಲ್ಲುವ, ಸುಮಾರು 20 ಕಿಲೋಮೀಟರಿನ ಓಟ. ಬಹುಮಾನವೂ ಇಲ್ಲ, ಪ್ರೇಕ್ಷಕರೂ ಇಲ್ಲ. ಒಣ ಬಟ್ಟೆ, ಬುತ್ತಿ, ನೀರುಗಳನ್ನು ಹೊತ್ತ ಒಂದು ಜೀಪು ಕಟ್ಟಕಡೆಯ ಓಟಗಾರನ ಹಿಂದೆ ಬರುತ್ತದೆ.

ಆ ವರ್ಷ ನಮ್ಮಲ್ಲಿ ಅತ್ಯಂತ ವೇಗಶಾಲಿಯಾದ ಗೆಳೆಯನು ಉಳಿದವರಿಗಿಂತ ಅರ್ಧ ಗಂಟೆಗೂ ಮುಂಚೆ ಗಿರಿಯ ಮೇಲೆ ತಲುಪಿದನು. ನಾವು ಹೋಗಿ ನೋಡಿದಾಗ ಅವನು ರಸ್ತೆಯ ಬದಿಯ ಬಂಡೆಗೊರಗಿ ಕುಳಿತಿದ್ದನು. ಮಂಜು ಬೀಸಿ ಬರುತ್ತಿತ್ತು, ಅವನ ಹತ್ತಿಯ ಅಂಗಿ ಬೆವರಿನಿಂದ ತೊಯ್ದು ಮೈಗಂಟಿತ್ತು, ಹಲ್ಲುಗಳು ಕಟಕಟಿಸುತ್ತಿದ್ದವು. ಏನಾಯಿತೆಂದು ಕೇಳಿದರೆ ಏನೂ ಆಗಿಲ್ಲವೆಂದನು; ಆದರೆ ಮಾತು ತೊದಲುತ್ತಿತ್ತು, ಬೂಟಿನ ದಾರವನ್ನು ಬಿಚ್ಚಲು ಬೆರಳುಗಳು ಒಪ್ಪುತ್ತಿರಲಿಲ್ಲ. ನಾವು ಏನು ಮಾಡಬೇಕೆಂದು ತೋಚದೆ ನಿಂತಿರುವಾಗ, ಬೆಟ್ಟದ ಊರಿನವನೇ ಆದ ವೃದ್ಧ ಜೀಪು ಚಾಲಕನು ತನ್ನ ಆಸನದ ಕೆಳಗಿನಿಂದ ಕಂಬಳಿಯೊಂದನ್ನು ಎಳೆದು ತಂದು, "ಮೊದಲು ಆ ಒದ್ದೆ ಅಂಗಿ ಬಿಚ್ಚಿಸಿ" ಎಂದು ಗದರಿಸಿದನು.

ಗೆದ್ದವನಿಗೇ ಈ ಸ್ಥಿತಿ ಏಕೆ ಬಂದಿತು? ನಿಧಾನವಾಗಿ ಓಡಿದ ನಮಗೇಕೆ ಬರಲಿಲ್ಲ? ಉತ್ತರವು ಭೌತಶಾಸ್ತ್ರದ ಪ್ರಥಮ ಪಾಠಗಳಲ್ಲಿಯೇ ಇದೆ.

ದೇಹವೆಂಬ ಒಲೆ

ನಮ್ಮ ದೇಹವು ಒಂದು ಒಲೆ. ಆಹಾರವೇ ಅದರ ಸೌದೆ. 60 ಕಿಲೋಗ್ರಾಂ ತೂಕದ ಮನುಷ್ಯನು ಸುಮ್ಮನೆ ಕುಳಿತಿದ್ದರೆ ಗಂಟೆಗೆ ಸುಮಾರು 60–70 ಕಿಲೋಕ್ಯಾಲೊರಿ ಶಾಖ ಹುಟ್ಟುತ್ತದೆ. ಅವನೇ ಗಂಟೆಗೆ 10 ಕಿಲೋಮೀಟರಿನ ವೇಗದಿಂದ ಓಡತೊಡಗಿದರೆ ಖರ್ಚು ಸುಮಾರು 600 ಕಿಲೋಕ್ಯಾಲೊರಿಗೆ ಏರುತ್ತದೆ. ಇದರಲ್ಲಿ ಸ್ವಲ್ಪ ಪಾಲು ಮಾತ್ರ ಚಲನೆಗೆ ಸಲ್ಲುತ್ತದೆ. ಉಳಿದುದು, ಅಂದರೆ ಸುಮಾರು 500 ಕಿಲೋಕ್ಯಾಲೊರಿ, ಶಾಖವಾಗಿ ದೇಹದಲ್ಲಿಯೇ ಉಳಿಯುತ್ತದೆ.

ಈ ಶಾಖ ಹೊರಹೋಗದಿದ್ದರೆ ಗತಿಯೇನು? ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕಷ್ಟೆ. ದೇಹದ ಬಹುಭಾಗ ನೀರೇ ಆದುದರಿಂದ ಅದರ ವಿಶಿಷ್ಟೋಷ್ಣವು ನೀರಿನದಕ್ಕೆ ಹತ್ತಿರ, ಸುಮಾರು 0.83. ಆದಕಾರಣ 60 ಕಿಲೋಗ್ರಾಂ ದೇಹವನ್ನು ಒಂದು ಡಿಗ್ರಿ ಕಾಯಿಸಲು 50 ಕಿಲೋಕ್ಯಾಲೊರಿ ಸಾಕು. ಗಂಟೆಗೆ 500 ಎಂದರೆ ಆರು ನಿಮಿಷಕ್ಕೊಂದು ಡಿಗ್ರಿ! 37ರಿಂದ ಹೊರಟ ದೇಹವು 24 ನಿಮಿಷಗಳಲ್ಲಿ 41 ಡಿಗ್ರಿ ಮುಟ್ಟಿ ಅಪಾಯಕ್ಕೀಡಾಗಬೇಕಾಗಿತ್ತು. ಹಾಗಾಗದಂತೆ ಕಾಪಾಡುವುದು ಗಾಳಿ ಮತ್ತು ಬೆವರು. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಣ ಬಿಸಿ ರಕ್ತವನ್ನು ಮೇಲಕ್ಕೆ ತರುತ್ತವೆ. ತಂಪಾದ ಗಾಳಿಯು ಆ ಶಾಖವನ್ನು ಒಯ್ಯುತ್ತದೆ. ಬೆವರು ಆವಿಯಾಗುವಾಗ ಲೀಟರೊಂದಕ್ಕೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ.

ಹೀಗಿರುವುದರಿಂದ ಓಡುವವನಿಗೆ ಚಳಿಯು ಶತ್ರುವಲ್ಲ, ಮಿತ್ರನೇ. ಮ್ಯಾರಥಾನುಗಳ ಫಲಿತಾಂಶವನ್ನು ಅಂದಂದಿನ ಹವೆಯೊಡನೆ ಹೋಲಿಸಿ ನೋಡಿದವರು, ಸುಮಾರು 5ರಿಂದ 10 ಡಿಗ್ರಿಯ ಉಷ್ಣತೆಯೇ ವೇಗದ ಓಟಕ್ಕೆ ಹೆಚ್ಚು ಅನುಕೂಲವೆಂದು ಕಂಡಿದ್ದಾರೆ. ಆರಂಭದ ಹತ್ತು ನಿಮಿಷ ಮೈ ನಡುಗುತ್ತದೆ, ಬೆರಳು ಮರಗಟ್ಟುತ್ತದೆ, ತಣ್ಣನೆಯ ಮಾಂಸಖಂಡಗಳು ಬಿಗಿಯಾಗಿ ಮೊಂಡುತನ ಮಾಡುತ್ತವೆ. ಒಲೆ ಹೊತ್ತಿಕೊಂಡ ಮೇಲೆ ಇವೆಲ್ಲ ಮರೆತುಹೋಗುತ್ತವೆ.

ಬೆಟ್ಟದ ಬೆಳಗು

ಇನ್ನು ನಮ್ಮ ದಾರಿಯ ಹವೆಯನ್ನು ನೋಡೋಣ. ಪಟ್ಟಣವನ್ನು ಬಿಟ್ಟು ತೋಟಗಳ ನಡುವೆ ಓಡುವಾಗ ಚಳಿಯು ಒಂದೇ ಸಮನಾಗಿರುವುದಿಲ್ಲ. ಹಳ್ಳದ ಬದಿಯ ಗದ್ದೆಯಲ್ಲಿಳಿದರೆ ತಣ್ಣೀರಿಗಿಳಿದಂತೆ. ಅಲ್ಲಿಂದ ಸ್ವಲ್ಪ ಏರಿದರೆ ಬೆಚ್ಚಗೆ. ಶುಭ್ರವಾದ ರಾತ್ರಿ ನೆಲವು ತನ್ನ ಶಾಖವನ್ನು ಆಕಾಶದತ್ತ ವಿಕಿರಣದಿಂದ ಕಳೆದುಕೊಂಡು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ತೋಟದೊಳಗೆ ಹೊಕ್ಕರೆ ಇನ್ನೂ ಒಂದು ವಿಶೇಷ: ಸಿಲ್ವರ್ ಓಕ್, ಅತ್ತಿ, ಹಲಸು ಮೊದಲಾದ ನೆರಳುಮರಗಳ ಚಾವಣಿಯು ನೆಲದ ವಿಕಿರಣವನ್ನು ತಡೆದು ಮರಳಿಸುವುದರಿಂದ ಅಡಿಯಲ್ಲಿ ಚಳಿ ಕಡಿಮೆ. ಬಯಲ ಕಣದಲ್ಲಿ ಇಬ್ಬನಿ ಸುರಿದಿದ್ದರೂ ಮರದಡಿಯ ಎಲೆಗಳು ಒಣಗಿರುವುದನ್ನು ತೋಟದ ಆಳುಗಳೆಲ್ಲರೂ ಬಲ್ಲರು. ಮರಗಳು ಗಾಳಿಯನ್ನೂ ತಡೆಯುತ್ತವೆ. ಒಟ್ಟಿನಲ್ಲಿ ತೋಟವು ಓಟಗಾರನಿಗೆ ಹೊದಿಕೆಯಿದ್ದಂತೆ.

ಆದರೆ ಕೈಮರವನ್ನು ದಾಟಿ ಮೇಲೇರಿದಂತೆ ತೋಟಗಳು ಹಿಂದುಳಿದು, ಬೋಳಾದ ಹುಲ್ಲುಗುಡ್ಡಗಳು ಎದುರಾಗುತ್ತವೆ. ಚಿಕ್ಕಮಗಳೂರು ಪಟ್ಟಣದ ಎತ್ತರ ಸುಮಾರು 1,090 ಮೀಟರು. ಸೀತಾಳಯ್ಯನಗಿರಿಯ ಮಗ್ಗುಲಲ್ಲಿರುವ, ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯದು ಸುಮಾರು 1,930. ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಂತೆ ಶಿಖರದಲ್ಲಿ ಪಟ್ಟಣಕ್ಕಿಂತ ಐದು ಡಿಗ್ರಿಯಷ್ಟು ಹೆಚ್ಚು ತಂಪು. ಅದಕ್ಕಿಂತಲೂ ಮುಖ್ಯವಾದುದು, ಅಲ್ಲಿ ಗಾಳಿಗೆ ತಡೆಯಿಲ್ಲ. ನಮ್ಮ ಚರ್ಮದ ಮೇಲೆ ಯಾವಾಗಲೂ ದೇಹದಿಂದ ಬೆಚ್ಚಗಾದ ಗಾಳಿಯ ಒಂದು ತೆಳುಪೊರೆ ಅಂಟಿಕೊಂಡಿರುತ್ತದೆ. ಬೀಸುವ ಗಾಳಿಯು ಅದನ್ನು ಕ್ಷಣಕ್ಷಣಕ್ಕೂ ಸುಲಿದೊಯ್ದು ಹೊಸ ತಣ್ಣನೆಯ ಗಾಳಿಯನ್ನು ತಂದಿಡುತ್ತದೆ. ಏರನ್ನು ಓಡುವಾಗ ಬೆವರು ಧಾರಾಳವಾಗಿ ಹರಿಯುತ್ತದೆ. ಏರು ಮುಗಿಯುವ ತಾಣದಲ್ಲಿಯೇ ಗಾಳಿ ಅತ್ಯಧಿಕ. ನಮ್ಮ ಓಟದ ಕೊನೆಯನ್ನು ನಾವು ಗುರುತಿಸಿದ್ದುದು ಅಲ್ಲಿಯೇ.

ನಿಂತ ಮೇಲೆ

ಓಟ ನಿಂತೊಡನೆ ಒಲೆಯ ಉರಿ ತಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಶಾಖದ ಉತ್ಪತ್ತಿ ಆರೇಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಶಾಖದ ವ್ಯಯವು ಅಷ್ಟು ಬೇಗ ನಿಲ್ಲುವುದಿಲ್ಲ. ಹಿಗ್ಗಿದ ರಕ್ತನಾಳಗಳು ಇನ್ನೂ ಸ್ವಲ್ಪ ಹೊತ್ತು ಬಿಸಿ ರಕ್ತವನ್ನು ಚರ್ಮಕ್ಕೆ ಒಯ್ಯುತ್ತಲೇ ಇರುತ್ತವೆ; ಅಂಗಿಯಲ್ಲಿ ಹೀರಿದ ಬೆವರು ಆವಿಯಾಗುತ್ತಲೇ ಇರುತ್ತದೆ. ಬಾಗಿಲು ತೆರೆದೇ ಇದ್ದು ಒಲೆ ಮಾತ್ರ ಆರಿದ ಮನೆಯಂತೆ ಆಗ ದೇಹದ ಪಾಡು.

ಒಂದು ಹತ್ತಿಯ ಅಂಗಿಯು ಕಾಲು ಲೀಟರು ಬೆವರನ್ನು ಸುಲಭವಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಓದುಗರು ತಮ್ಮ ಅಂಗಿಯನ್ನು ಓಟಕ್ಕೆ ಮೊದಲೂ ಅನಂತರವೂ ತಕ್ಕಡಿಯಲ್ಲಿಟ್ಟು ಪರೀಕ್ಷಿಸಬಹುದು. ಈ ಕಾಲು ಲೀಟರು ಆವಿಯಾಗಬೇಕಾದರೆ 145 ಕಿಲೋಕ್ಯಾಲೊರಿ ಬೇಕು. ಅದನ್ನೆಲ್ಲ ದೇಹವೇ ಒದಗಿಸಬೇಕಾಗಿ ಬಂದು, ಹೊಸ ಶಾಖ ಹುಟ್ಟದೆ ಹೋದರೆ, 60 ಕಿಲೋಗ್ರಾಂ ದೇಹದ ಉಷ್ಣತೆ ಸುಮಾರು ಮೂರು ಡಿಗ್ರಿ ಇಳಿಯಬೇಕು. ದೇಹದೊಳಗಣ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವುದನ್ನೇ ವೈದ್ಯರು ಶೀತಾಘಾತದ ಮೊದಲ ಮೆಟ್ಟಿಲೆಂದು ಎಣಿಸುತ್ತಾರೆ. ನಿಜವಾಗಿ ಸ್ವಲ್ಪ ಶಾಖವನ್ನು ಸುತ್ತಣ ಗಾಳಿಯೂ ಕೊಡುತ್ತದೆ. ದೇಹವೂ ಸುಮ್ಮನಿರದೆ ನಡುಕದಿಂದ ಶಾಖವನ್ನು ಹುಟ್ಟಿಸುತ್ತದೆ. ನಡುಕವೆಂದರೆ ನಿಂತಲ್ಲಿಯೇ ಮಾಂಸಖಂಡಗಳು ಓಡುವ ಓಟ; ಅದು ವಿಶ್ರಾಂತಿಯ ನಾಲ್ಕೈದು ಪಟ್ಟು ಶಾಖವನ್ನೂ ಕೊಡಬಲ್ಲದು. ಆದರೆ ಅದಕ್ಕೂ ಸಕ್ಕರೆಯ ಸೌದೆ ಬೇಕು, ಮತ್ತು ಆ ಸೌದೆಯ ಬಹುಪಾಲನ್ನು ನಮ್ಮ ಗೆಳೆಯನು ಗಿರಿಯ ಏರಿನಲ್ಲಿ ಉರಿಸಿಬಿಟ್ಟಿದ್ದನು.

ಒದ್ದೆ ಬಟ್ಟೆ ಮತ್ತೊಂದು ದ್ರೋಹವನ್ನೂ ಮಾಡುತ್ತದೆ. ಬಟ್ಟೆಯು ಬೆಚ್ಚಗಿಡುವುದು ನೂಲಿನಿಂದಲ್ಲ, ನೂಲುಗಳ ನಡುವೆ ಸೆರೆಸಿಕ್ಕ ಗಾಳಿಯಿಂದ. ಬೆವರು ತುಂಬಿದಾಗ ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಉತ್ತಮವಾದ ಉಷ್ಣವಾಹಕ. ಎರಡು ಸೀಸೆಗಳಲ್ಲಿ ಸಮನಾದ ಬಿಸಿನೀರು ತುಂಬಿ, ಒಂದಕ್ಕೆ ಒಣ ಬಟ್ಟೆಯನ್ನೂ ಇನ್ನೊಂದಕ್ಕೆ ಒದ್ದೆ ಬಟ್ಟೆಯನ್ನೂ ಸುತ್ತಿ ಬೀಸಣಿಗೆಯ ಗಾಳಿಗಿಟ್ಟರೆ ಯಾವುದು ಬೇಗ ಆರುವುದೆಂಬುದು ಕಾಲು ಗಂಟೆಯಲ್ಲಿ ತಿಳಿಯುತ್ತದೆ.

ಈ ಸತ್ಯವನ್ನು ಜಗತ್ತು ಕಲಿತುದು ಪ್ರಾಣಗಳ ಬೆಲೆ ತೆತ್ತು. 1964ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಪೀಕ್ ಜಿಲ್ಲೆಯ ಗುಡ್ಡಗಳಲ್ಲಿ ನಡೆದ 'ಫೋರ್ ಇನ್ಸ್' ಎಂಬ ದೀರ್ಘ ನಡಿಗೆಯ ಸ್ಪರ್ಧೆಯಲ್ಲಿ, ಮಳೆಗಾಳಿಗೆ ಸಿಕ್ಕಿ ಮೂವರು ತರುಣ ಸ್ಕೌಟರು ಮಡಿದರು. 1953ರ ಎವರೆಸ್ಟ್ ಯಾತ್ರೆಯಲ್ಲಿ ದೇಹವಿಜ್ಞಾನಿಯಾಗಿದ್ದ ಗ್ರಿಫಿತ್ ಪ್ಯೂ ಈ ದುರಂತವನ್ನು ಅಭ್ಯಸಿಸಿ, ಒದ್ದೆಯಾಗಿ ಗಾಳಿಗೆ ಸಿಕ್ಕ ಬಟ್ಟೆಯು ತನ್ನ ರಕ್ಷಣಾಶಕ್ತಿಯ ಬಹುಭಾಗವನ್ನು ಕಳೆದುಕೊಳ್ಳುವುದೆಂದು ತೋರಿಸಿದನು. ಆದರೂ ಪಾಠ ಮರೆತುಹೋಗುತ್ತದೆ. 2021ರ ಮೇ 22ರಂದು ಚೀನದ ಗಾನ್ಸು ಪ್ರಾಂತದಲ್ಲಿ ನಡೆದ 100 ಕಿಲೋಮೀಟರಿನ ಬೆಟ್ಟದ ಓಟದಲ್ಲಿ, ಹಠಾತ್ತನೆ ಎರಗಿದ ಆಲಿಕಲ್ಲು, ಮಳೆ, ಬಿರುಗಾಳಿಗಳಿಗೆ 21 ಮಂದಿ ಓಟಗಾರರು ಬಲಿಯಾದರು. ಅವರಲ್ಲಿ ಆ ದೇಶದ ಅಗ್ರಗಣ್ಯ ಓಟಗಾರರೂ ಇದ್ದರು. ವೇಗವು ಅವರನ್ನು ಕಾಯಲಿಲ್ಲ.

ಕಂಬಳಿ, ಸಕ್ಕರೆ, ಸಂಗಾತಿ

ಈಗ ಆ ವೃದ್ಧನ ಕಂಬಳಿಯ ಮರ್ಮವನ್ನು ತಿಳಿಯೋಣ. ಮೊದಲು ಒದ್ದೆ ಅಂಗಿಯನ್ನು ತೆಗೆಸಿದುದು ಬೆವರಿನ ಬಾಷ್ಪೀಭವನವನ್ನು ನಿಲ್ಲಿಸಿತು. ಕಂಬಳಿಯ ಉಣ್ಣೆಯ ಎಳೆಗಳು ಸ್ವಭಾವತಃ ಸುರುಳಿಯಾಗಿದ್ದು ಪರಸ್ಪರ ಅಂಟಿಕೊಳ್ಳದೆ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ತಮ್ಮ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಕುಸಿಯುವುದಿಲ್ಲ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿ ನಾಟಿ ಮಾಡುತ್ತಿದ್ದ ಮಲೆನಾಡಿನ ಹಿರಿಯರು ಗ್ರಿಫಿತ್ ಪ್ಯೂವಿನ ಹೆಸರನ್ನು ಕೇಳಿದವರಲ್ಲ. ಆದರೆ ಒದ್ದೆಯಾದರೂ ಬೆಚ್ಚಗಿಡುವ ಬಟ್ಟೆ ಯಾವುದೆಂಬುದನ್ನು ಬಲ್ಲವರಾಗಿದ್ದರು.

ಅನಂತರ ಅವನಿಗೆ ಬುತ್ತಿಯ ಫ್ಲಾಸ್ಕಿನಿಂದ ಸಿಹಿಯಾದ ಕಾಫಿಯನ್ನು ಕೊಟ್ಟೆವು. ಇಲ್ಲೊಂದು ಸ್ವಾರಸ್ಯವಿದೆ. 60 ಡಿಗ್ರಿಯ 200 ಮಿಲಿಲೀಟರು ಕಾಫಿಯು 37 ಡಿಗ್ರಿಗೆ ಇಳಿಯುವಾಗ ದೇಹಕ್ಕೆ ಕೊಡುವ ಶಾಖ ಬರಿಯ ನಾಲ್ಕೂವರೆ ಕಿಲೋಕ್ಯಾಲೊರಿ. ಅದರಿಂದ ದೇಹವು ಡಿಗ್ರಿಯ ಹತ್ತನೆಯ ಒಂದು ಪಾಲೂ ಏರುವುದಿಲ್ಲ. ಆದರೆ ಅದರಲ್ಲಿ ಕರಗಿದ ಎರಡು ಚಮಚ ಸಕ್ಕರೆಯಿಂದ ಸುಮಾರು 40 ಕಿಲೋಕ್ಯಾಲೊರಿ ದೊರೆಯುತ್ತದೆ. ಕಾಫಿಯ ಬಿಸಿ ಮನಸ್ಸಿಗೆ, ಸಕ್ಕರೆ ನಡುಕಕ್ಕೆ! ಮದ್ಯವು ಇಂತಹ ಹೊತ್ತಿನಲ್ಲಿ ಕೇವಲ ಅಪಾಯಕರ. ಅದು ಚರ್ಮದ ನಾಳಗಳನ್ನು ಹಿಗ್ಗಿಸಿ ಬೆಚ್ಚಗಿನ ಭ್ರಮೆಯನ್ನು ಕೊಟ್ಟು ಉಳಿದ ಶಾಖವನ್ನೂ ಹೊರಚೆಲ್ಲುತ್ತದೆ.

ಕೊನೆಯದಾಗಿ ಸಂಗಾತಿಯ ಮಾತು. ದೇಹವು ತಣ್ಣಗಾದಂತೆ ಮಿದುಳೂ ಮಂಕಾಗುವುದರಿಂದ, ಚಳಿ ಹಿಡಿದವನಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ಏನೂ ಆಗಿಲ್ಲವೆಂದು ಅವನು ಹೇಳುವುದೇ ಒಂದು ಲಕ್ಷಣ. ನಿಲ್ಲದ ನಡುಕ, ತಡವರಿಸುವ ಬೆರಳು, ತೊದಲುವ ಮಾತು, ಎಡವುವ ಹೆಜ್ಜೆ—ಇವುಗಳನ್ನು ಪಕ್ಕದಲ್ಲಿರುವವನು ಕಾಣಬೇಕು. ಇಷ್ಟೆಲ್ಲ ಆದ ಮೇಲೆ ನಡುಕವು ತಾನಾಗಿ ನಿಂತರೆ ಅದು ಗುಣವಾಯಿತೆಂಬ ಸೂಚನೆಯಲ್ಲ, ಒಲೆ ಆರುತ್ತಿದೆಯೆಂಬ ಎಚ್ಚರಿಕೆ. ಆಗ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ನಮ್ಮ ಗೆಳೆಯನು ಅರ್ಧ ಗಂಟೆಯೊಳಗೆ ಚೇತರಿಸಿಕೊಂಡು ತನ್ನ ಗೆಲುವನ್ನು ನೆನಪಿಸತೊಡಗಿದನು. ಆದರೆ ನಾವು ತರಗತಿಯಲ್ಲಿ ಗುಪ್ತೋಷ್ಣದ ಪಾಠವನ್ನು ವರ್ಷವರ್ಷವೂ ಹೇಳುವವರು; ಮೊದಲು ಬರುವವನು ಒದ್ದೆ ಅಂಗಿಯಲ್ಲಿ ಗಾಳಿಗೆ ಕಾಯಬೇಕಾಗುವುದೆಂಬ ಸರಳ ವಿಷಯ ನಮಗೆ ಹೊಳೆಯದೆ, ಒಣ ಬಟ್ಟೆಗಳನ್ನೆಲ್ಲ ಕಟ್ಟಕಡೆಯವನ ಹಿಂದೆ ಕಳುಹಿಸಿದ್ದೆವು. ಮರುವರ್ಷದಿಂದ ಓಟದ ಗಡಿಯನ್ನು ಗಾಳಿಯ ಮರೆಗೆ ಇಳಿಸಿದ್ದೇವೆ. ಮೊದಲನೆಯವನು ಏರುವ ಮುನ್ನವೇ ಜೀಪು ಅಲ್ಲಿಗೆ ತಲುಪಿರುತ್ತದೆ. ಅದರಲ್ಲಿ ಆರು ಮಂದಿಗೆ ಆರು ಒಣ ಅಂಗಿಗಳೂ ಆರು ಕಂಬಳಿಗಳೂ ಇರುತ್ತವೆ.